ಸ್ಟೀರಾಯ್ಡ್ ಇನ್ಹೇಲರ್ ಶುರು ಮಾಡಿದ ಮೇಲೆ ಗಂಟಲು ಕಟ್ಟಿದೆ, ನಿಮಗೂ ಹೀಗಾಗಿದೆಯಾ?

ಟೀಚರ್ ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಉಬ್ಬಸ ಚಿಕ್ಕಂದಿನಿಂದಲೂ ಇದೆ. ಚಳಿ ಬಿದ್ದು, ಊರಿನ ರಸ್ತೆ ಮೇಲೆಲ್ಲ ರಾಗಿ ಹರಡಿ ಗಾಡಿಗಳು ಅದರ ಮೇಲೆ ಓಡಾಡಲು ಶುರುವಾದರೆ ನನ್ನ ಎದೆಯೂ ಕುಯ್ ಎನ್ನಲು ಶುರು. ಇಷ್ಟು ವರ್ಷ ಎದೆ ಹಿಡಿದಾಗ ಎಳೆಯುವ ನೀಲಿ ಪಂಪಿನಲ್ಲೇ (ಸಾಲ್ಬುಟಮಾಲ್ ಇನ್ಹೇಲರ್) ಕಾಲ ಹಾಕಿದೆ. ಈ ಸಲ ರಾತ್ರಿ ಮಲಗುವುದೇ ಕಷ್ಟ ಆಯಿತು. ಚಿಕ್ಕಬಳ್ಳಾಪುರದಲ್ಲಿ ಡಾಕ್ಟರ್‌ಗೆ ತೋರಿಸಿದೆ. ಊದಿಸಿ ಪರೀಕ್ಷೆ ಮಾಡಿದರು. ಬುಡೆಸೊನೈಡ್ ಅನ್ನುವ ಸ್ಟೀರಾಯ್ಡ್, ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿರುವ ಇನ್ಹೇಲರ್ ಬರೆದುಕೊಟ್ಟರು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು.

ಉಸಿರಾಟ ತುಂಬಾ ಸುಧಾರಿಸಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಎದ್ದು ಕೂರುವುದು ನಿಂತಿದೆ. ಮೆಟ್ಟಿಲು ಹತ್ತಿದರೂ ತೊಂದರೆ ಇಲ್ಲ. ಆದರೆ ಧ್ವನಿ ಹೋಗುತ್ತಿದೆ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಚೆನ್ನಾಗಿರುತ್ತದೆ. ಮೂರನೇ ಪೀರಿಯಡ್‌ಗೆ ಗೊಗ್ಗರು. ಮಧ್ಯಾಹ್ನದ ಊಟ ಆದ ಮೇಲೆ ಹಿಂದಿನ ಬೆಂಚಿನ ಮಕ್ಕಳಿಗೆ ಕೇಳಿಸುವುದೇ ಇಲ್ಲ. ಪದ್ಯ ಹೇಳಿಕೊಡಲು ಆಗುತ್ತಿಲ್ಲ. ನನಗೆ ಧ್ವನಿಯೇ ಅನ್ನ.

ಮನೆಯಲ್ಲಿ ಅತ್ತೆ, ನಾದಿನಿ ಎಲ್ಲರೂ ‘ಅದು ಸ್ಟೀರಾಯ್ಡ್, ಬಿಟ್ಟುಬಿಡು’ ಅಂತಿದ್ದಾರೆ. ನಾನು ಬಿಟ್ಟಿಲ್ಲ. ಮತ್ತೆ ಆ ರಾತ್ರಿಗಳು ಬೇಡ. ಈ ಮದ್ದು ತೆಗೆದುಕೊಳ್ಳುತ್ತಿರುವವರು, ಮೊದಲು ತೆಗೆದುಕೊಂಡವರು ದಯವಿಟ್ಟು ಹೇಳಿ. ಧ್ವನಿ ವಾಪಸ್ ಬರುತ್ತದಾ? ಇನ್ಹೇಲರ್ ಬದಲಾಯಿಸಿದರೆ ಸರಿ ಹೋಗುತ್ತದಾ?

ಹುಳುಮನೆ ಜಂಗಮಕೋಟೆ

ಮೇಡಂ, ನಾನೂ ನಿಮ್ಮ ತಾಲ್ಲೂಕಿನವನೇ. ರೇಷ್ಮೆ ಬೆಳೆ ನಮ್ಮದು. ನನಗೆ ಉಬ್ಬಸ ಬಂದದ್ದು ದೊಡ್ಡವನಾದ ಮೇಲೆ. ಪ್ರತಿ ಬೆಳೆಗೂ ಮೊದಲು ಹುಳುಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯಬೇಕು. ಹುಳ ಜ್ವರ ಎದ್ದ ಮೇಲೆ, ಅಂದರೆ ಪೊರೆ ಕಳಚಿದ ಮೇಲೆ, ತಟ್ಟೆ ಮೇಲೆ ಸೋಂಕು ನಿವಾರಕ ಪುಡಿ ಉದುರಿಸಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆ. ಆ ಪುಡಿ ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ತಟ್ಟುವಾಗ ಹೊಗೆ ಎದ್ದ ಹಾಗೆ ಏಳುತ್ತದೆ. ನನಗೆ ಅಲ್ಲೇ ಎದೆ ಹಿಡಿಯುತ್ತದೆ.

ನನಗೆ ಧ್ವನಿ ಹೋಗಲಿಲ್ಲ. ಬಾಯಿ ಕೆಟ್ಟಿತು. ನಾಲಿಗೆ ಮೇಲೆ, ಕೆನ್ನೆ ಒಳಗಡೆ ಮೊಸರಿನ ಕೆನೆ ಅಂಟಿದ ಹಾಗೆ ಬೆಳ್ಳಗೆ. ಉಜ್ಜಿದರೆ ಕೆಳಗೆ ಕೆಂಪು. ಖಾರ ತಿನ್ನುವ ಹಾಗಿಲ್ಲ. ನಮ್ಮ ಕಡೆ ಬಸ್ಸಾರು ಉಪ್ಸಾರು ಖಾರ ಇಲ್ಲದೆ ಊಟ ಹೇಗೆ ಹೇಳಿ. ಡಾಕ್ಟರ್ ನೋಡಿ ಫಂಗಸ್ ಅಂದರು. ಕ್ಲೋಟ್ರಿಮಜೋಲ್ ಅಂತ ಬಾಯಿಗೆ ಹಚ್ಚುವ ಮದ್ದು ಕೊಟ್ಟರು, ವಾಸಿಯಾಯಿತು. ಜೊತೆಗೆ ಸ್ಪೇಸರ್ ಕೊಟ್ಟರು, ಪಂಪಿಗೂ ಬಾಯಿಗೂ ಮಧ್ಯೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿದರು. ಅಲ್ಲಿಂದ ಈಚೆಗೆ ಬಾಯಿ ಒಂದು ಸಲವೂ ಕೆಟ್ಟಿಲ್ಲ. ಪಂಪು ಬಿಡಬೇಡಿ ಮೇಡಂ.

ಔಷಧಿ ಅಂಗಡಿ ಚಿಂತಾಮಣಿ

ಟೀಚರ್ ಮೇಡಂಗೆ ಮತ್ತು ಓದುತ್ತಿರುವ ಎಲ್ಲರಿಗೂ. ನಾನು ಫಾರ್ಮಸಿಸ್ಟ್. ದಿನಾ ಇನ್ಹೇಲರ್ ಕೊಡುವವನು. ಕೌಂಟರ್ ಆಚೆ ಏನಾಗುತ್ತದೆ ಅಂತ ನೋಡುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಧ್ವನಿ ಕಟ್ಟುವುದು ಈ ಮದ್ದಿನ ನಿಜವಾದ ಅಡ್ಡಪರಿಣಾಮ. ನಿಮ್ಮ ಭ್ರಮೆ ಅಲ್ಲ. ಹಾಡುವವರು, ಪಾಠ ಮಾಡುವವರು, ಬಸ್ಸಿನಲ್ಲಿ ಕೂಗುವ ಕಂಡಕ್ಟರ್‌ಗಳು ಇದನ್ನು ಬೇಗ ಗಮನಿಸುತ್ತಾರೆ. ಪಂಪನ್ನು ನೇರವಾಗಿ ಬಾಯಿಗೆ ಇಟ್ಟು ಒತ್ತಿದರೆ, ಒಳ್ಳೆಯ ರೀತಿಯಲ್ಲಿ ಎಳೆದುಕೊಂಡರೂ ಮದ್ದಿನಲ್ಲಿ ನೂರಕ್ಕೆ ಹತ್ತೋ ಇಪ್ಪತ್ತೋ ಭಾಗ ಮಾತ್ರ ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಬಾಯಿ, ಗಂಟಲಿಗೆ ಬಡಿದು ಅಲ್ಲೇ ಕೂರುತ್ತದೆ. ಬಾಯಿಯಲ್ಲಿ ಕೂತದ್ದು ಫಂಗಸ್‌ಗೆ ದಾರಿ ಮಾಡುತ್ತದೆ. ಧ್ವನಿತಂತುಗಳ ಮೇಲೆ ಕೂತದ್ದು ಧ್ವನಿ ಕೆಡಿಸುತ್ತದೆ. ಮದ್ದು ಕಡಿಮೆ ಮಾಡಿದರೆ ಅಥವಾ ಸಾಧನ ಬದಲಾಯಿಸಿದರೆ ಸಾಮಾನ್ಯವಾಗಿ ಧ್ವನಿ ವಾಪಸ್ ಬರುತ್ತದೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬಾಯಿ ಮುಕ್ಕಳಿಸುವುದು ಬಾಯಿ ಫಂಗಸ್‌ಗೆ ಒಳ್ಳೆಯ ತಡೆ. ಆದರೆ ಮುಕ್ಕಳಿಸಿದ ನೀರು ಧ್ವನಿಪೆಟ್ಟಿಗೆಯ ತನಕ ಹೋಗುವುದಿಲ್ಲ. ಅದಕ್ಕೇ ಎಷ್ಟು ಮುಕ್ಕಳಿಸಿದರೂ ಕೆಲವರಿಗೆ ಗೊಗ್ಗರು ಹೋಗುವುದಿಲ್ಲ. ಸ್ಪೇಸರ್ ಗಂಟಲಿಗೆ ಬಡಿಯುವುದನ್ನು ಕಡಿಮೆ ಮಾಡುತ್ತದೆ. ಫಂಗಸ್‌ಗೆ ಮಾಡಿದಷ್ಟು ಸಹಾಯ ಧ್ವನಿಗೆ ಎಲ್ಲರಿಗೂ ಆಗುತ್ತದೆ ಅಂತ ಹೇಳಲಾರೆ, ಆದರೂ ಮೊದಲು ಮಾಡಿ ನೋಡಬೇಕಾದದ್ದು ಅದೇ.

ನಿಮ್ಮದು ಸ್ಪ್ರೇ ಪಂಪಾ, ಕ್ಯಾಪ್ಸೂಲ್ ಹಾಕುವ ರೋಟಾಹೇಲರಾ ಹೇಳಿ. ಎರಡರ ರೀತಿ ಬೇರೆ. ಸ್ಪ್ರೇಯನ್ನು ಅಲುಗಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಾ ನಿಧಾನಕ್ಕೆ ಆಳವಾಗಿ ಎಳೆಯಬೇಕು. ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ರೋಟಾಹೇಲರ್‌ನಲ್ಲಿ ಜೋರಾಗಿ, ಒಂದೇ ಸಲಕ್ಕೆ ಎಳೆಯಬೇಕು. ಜನ ಇದನ್ನು ಉಲ್ಟಾ ಮಾಡುತ್ತಾರೆ. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದವರನ್ನೂ ನೋಡಿದ್ದೇನೆ. ಅವರ ತಪ್ಪಲ್ಲ, ಯಾರೂ ತೋರಿಸಿಕೊಟ್ಟಿರಲಿಲ್ಲ. ನಿಮ್ಮ ಪಂಪನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ‘ನಾನು ಎಳೆಯುವುದನ್ನು ಒಂದು ಸಲ ನೋಡಿ’ ಅಂತ ಕೇಳಿ. ಅದನ್ನು ಕೇಳಲು ನಾಚಿಕೆ ಬೇಡ.

ಟೀಚರ್ ಶಿಡ್ಲಘಟ್ಟ

ಸರ್, ತುಂಬಾ ಧನ್ಯವಾದ. ನನ್ನದು ಸ್ಪ್ರೇ. ಸ್ಪೇಸರ್ ಇಲ್ಲ. ಮುಕ್ಕಳಿಸುತ್ತೇನೆ. ನೀರು ಧ್ವನಿಪೆಟ್ಟಿಗೆ ತನಕ ಹೋಗುವುದಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ವಿಷಯ, ಪಂಪು ಎಳೆದ ಮೇಲೆ ಸ್ವಲ್ಪ ಹೊತ್ತು ಕೈ ನಡುಗುತ್ತದೆ. ಬೋರ್ಡಿನ ಮೇಲೆ ಬರೆಯುವಾಗ ಗೊತ್ತಾಗುತ್ತದೆ. ಅದೂ ಸ್ಟೀರಾಯ್ಡಿನದೇನಾ?

ಔಷಧಿ ಅಂಗಡಿ ಚಿಂತಾಮಣಿ

ಅಲ್ಲ ಮೇಡಂ. ಕೈ ನಡುಕ, ಎದೆ ಡವಡವ ಇವು ಜೊತೆಯಲ್ಲಿರುವ ಫಾರ್ಮೊಟೆರಾಲ್‌ನದು. ನೀಲಿ ಪಂಪಿನ ಸಾಲ್ಬುಟಮಾಲ್‌ಗೂ ಹೀಗೇ ಆಗುತ್ತದೆ. ಸಾಮಾನ್ಯವಾಗಿ ಸ್ವಲ್ಪ ದಿನಕ್ಕೆ ಕಡಿಮೆಯಾಗುತ್ತದೆ. ಎದೆಬಡಿತ ಜಾಸ್ತಿ ಅನಿಸಿದರೆ ಡಾಕ್ಟರ್‌ಗೆ ಹೇಳಿ.

ಗುಬ್ಬಿ ಅಮ್ಮ

ನನ್ನ ಮಗ ನಾಲ್ಕನೇ ಕ್ಲಾಸ್. ಅವನಿಗೆ ಬುಡೆಸೊನೈಡ್ ಪಂಪು ಕೊಡುತ್ತಿದ್ದೇವೆ, ಸ್ಪೇಸರ್ ಜೊತೆ. ಕೆಮ್ಮು ನಿಂತಿದೆ, ಶಾಲೆ ತಪ್ಪಿಸುವುದು ನಿಂತಿದೆ. ಆದರೆ ನನಗೆ ಒಂದೇ ಭಯ. ಹೈಟ್ ನಿಂತುಹೋಗುತ್ತದೆ ಅಂತಾರೆ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಅವನ ಮತ್ತು ಅವನ ಅಕ್ಕನ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಾ ಬಂದಿದ್ದೇವೆ. ಅದೇ ವಯಸ್ಸಿನಲ್ಲಿ ಅವಳ ಗೆರೆ ಮೇಲಿದೆ, ಇವನದು ಕೆಳಗೆ. ದಿನಾ ಅಡುಗೆ ಮಾಡುವಾಗ ಅದೇ ಕಣ್ಣಿಗೆ ಬೀಳುತ್ತದೆ. ಪಂಪು ಬಿಟ್ಟು ಮಾಂಟೆಲುಕಾಸ್ಟ್ ಮಾತ್ರೆ ಮಾತ್ರ ಕೊಡಿ, ಅದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಂತ ಪಕ್ಕದ ಮನೆಯವರು ಹೇಳಿದರು. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಮಕ್ಕಳ ವಾರ್ಡ್ ನರ್ಸ್ ತುಮಕೂರು

ಅಕ್ಕ, ನಿಮ್ಮ ಭಯ ಪ್ರತಿ ತಾಯಿಗೂ ಇರುವಂಥದ್ದೇ. ಅದನ್ನು ಸುಮ್ನೆ ತಳ್ಳಿಹಾಕಬಾರದು. ಎತ್ತರದ ಮೇಲೆ ಪರಿಣಾಮ ಇದೆ, ಆದರೆ ಎಷ್ಟು ಅನ್ನುವುದು ಮುಖ್ಯ. ಅಮೆರಿಕ, ಕೆನಡಾದಲ್ಲಿ 5ರಿಂದ 12 ವಯಸ್ಸಿನ ಸಾವಿರಕ್ಕೂ ಹೆಚ್ಚು ಉಬ್ಬಸದ ಮಕ್ಕಳನ್ನು ಅವರು ದೊಡ್ಡವರಾಗುವ ತನಕ ಗಮನಿಸಿದರು. ಅದರ ಫಲಿತಾಂಶ 2012ರಲ್ಲಿ ಬಂತು. ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳು, ತೆಗೆದುಕೊಳ್ಳದ ಮಕ್ಕಳಿಗಿಂತ ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಗಿಡ್ಡ ಇದ್ದರು. ಅಷ್ಟೇ. ಬೆಳವಣಿಗೆ ನಿಧಾನ ಆಗುವುದು ಮೊದಲ ಒಂದೆರಡು ವರ್ಷದಲ್ಲಿ. ಆಮೇಲೆ ವರ್ಷ ವರ್ಷವೂ ಕೂಡುತ್ತಾ ಹೋಗುವುದಿಲ್ಲ. ನಿಮ್ಮ ಮಗನ ಡೋಸ್ ಬಹುಶಃ ಇದಕ್ಕಿಂತ ಕಡಿಮೆಯೇ ಇರುತ್ತದೆ, ಚೀಟಿ ನೋಡಿ.

ಉಬ್ಬಸ ಹಿಡಿತಕ್ಕೆ ಬಾರದ ಮಗುವೂ ಸರಿಯಾಗಿ ಬೆಳೆಯುವುದಿಲ್ಲ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಆಟ ಇಲ್ಲ. ನಮ್ಮ ವಾರ್ಡಿಗೆ ರಾತ್ರಿ ಹೊತ್ತು ಪಕ್ಕೆ ಒಳಗೆಳೆದುಕೊಂಡು ಬರುವ ಮಕ್ಕಳಲ್ಲಿ, ಚೆನ್ನಾಗಿದ್ದಾನೆ ಅಂತ ಪಂಪು ನಿಲ್ಲಿಸಿದವರೇ ಜಾಸ್ತಿ. ಅವರಿಗೆ ಆಗ ಸ್ಟೀರಾಯ್ಡನ್ನು ಬಾಯಿಗೋ ರಕ್ತನಾಳಕ್ಕೋ ಕೊಡಬೇಕಾಗುತ್ತದೆ. ಅದು ಪಂಪಿನಲ್ಲಿ ಹೋಗುವುದಕ್ಕಿಂತ ಎಷ್ಟೋ ಪಟ್ಟು.

ಅಕ್ಕನ ಗೆರೆಗೆ ತಮ್ಮನ ಗೆರೆ ಹೋಲಿಸಬೇಡಿ. ಹೆಣ್ಣು ಮಕ್ಕಳು ಮೊದಲು ಎತ್ತರ ಆಗುತ್ತಾರೆ. ಅವನ ಹಳೆ ಗೆರೆಗೆ ಅವನ ಹೊಸ ಗೆರೆಯನ್ನೇ ಹೋಲಿಸಿ. ಪ್ರತಿ ಭೇಟಿಯಲ್ಲೂ ಎತ್ತರ ಅಳೆದು ಚಾರ್ಟಿನಲ್ಲಿ ಗುರುತು ಹಾಕಲು ಡಾಕ್ಟರ್‌ಗೆ ಹೇಳಿ, ಅದನ್ನು ಕೇಳುವ ಹಕ್ಕು ನಿಮಗಿದೆ.

ಮಾಂಟೆಲುಕಾಸ್ಟ್‌ಗೆ ಸೈಡ್ ಎಫೆಕ್ಟ್ ಇಲ್ಲ ಅನ್ನುವುದು ಸರಿಯಲ್ಲ. ಕೆಲವು ಮಕ್ಕಳಿಗೆ ಕೆಟ್ಟ ಕನಸು, ಸಿಟ್ಟು, ನಿದ್ದೆಗೇಡು, ಮಂಕು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೆ ಅತ್ಯಂತ ಗಟ್ಟಿಯಾದ ಎಚ್ಚರಿಕೆಯನ್ನೇ ಹಾಕಿಸಿದೆ. ಎಷ್ಟೋ ಮಕ್ಕಳಿಗೆ ಅದೂ ಬೇಕಾಗುತ್ತದೆ, ಮದ್ದು ಕೆಟ್ಟದ್ದಲ್ಲ. ಆದರೆ ಉಬ್ಬಸ ಹಿಡಿತಕ್ಕೆ ತರುವುದರಲ್ಲಿ ಪಂಪಿನ ಸ್ಟೀರಾಯ್ಡ್‌ನಷ್ಟು ಕೆಲಸ ಅದು ಮಾಡುವುದಿಲ್ಲ.

ಗುಬ್ಬಿ ಅಮ್ಮ

ಚೀಟಿ ನೋಡಿದೆ. 100 ಮೈಕ್ರೋಗ್ರಾಂ, ಎರಡು ಹೊತ್ತು. ಅಂದರೆ ದಿನಕ್ಕೆ 200. ಮನಸ್ಸಿಗೆ ಸ್ವಲ್ಪ ಸಮಾಧಾನ ಆಯಿತು ಸಿಸ್ಟರ್. ಅವರಪ್ಪನಿಗೂ ಇದನ್ನು ಓದಿಸುತ್ತೇನೆ.

ಮಾಲೂರು ಹುಡುಗ

ಎಲ್ಲರೂ ಪಂಪು ಒಳ್ಳೆಯದು ಅಂತಲೇ ಹೇಳುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಸ್ಟೀರಾಯ್ಡ್ ಅಂದರೆ ಸ್ಟೀರಾಯ್ಡೇ. ನಮ್ಮಪ್ಪನಿಗೆ ದಮ್ಮು ಇತ್ತು. ವಾರ ವಾರ ಒಬ್ಬರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದರು. ಕೈಗೆ ಸಣ್ಣ ಮಾತ್ರೆಗಳ ಪೊಟ್ಟಣ ಕೊಡುತ್ತಿದ್ದರು. ಅದರ ಮೇಲೆ ಹೆಸರೇ ಇರುತ್ತಿರಲಿಲ್ಲ. ಮೊದಮೊದಲು ಅಪ್ಪ ತುಂಬಾ ಗೆಲುವಾದರು. ಹೊಲಕ್ಕೂ ಹೋದರು. ಆಮೇಲೆ ಮುಖ ಊದಿತು, ಹೊಟ್ಟೆ ಬಂತು, ಕೈಕಾಲು ಕಡ್ಡಿ. ಶುಗರ್ ಬಂತು. ಬಚ್ಚಲಲ್ಲಿ ಜಾರಿದ್ದಷ್ಟೇ, ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಎದ್ದು ಓಡಾಡಲೇ ಇಲ್ಲ. ಅದು ಸ್ಟೀರಾಯ್ಡ್‌ನಿಂದ ಅಂತ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದರು.

ಈಗ ನನಗೇ ಎದೆ ಗೊರಗೊರ ಶುರುವಾಗಿದೆ. ಪಂಪು ಬರೆದುಕೊಟ್ಟಿದ್ದಾರೆ. ತೆಗೆದುಕೊಂಡಿಲ್ಲ. ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರೋಣ ಅಂತಿದ್ದೇನೆ. ನಮ್ಮೂರಿಂದ ಹೋಗಿ ಬಂದವರಿದ್ದಾರೆ. ನಮ್ಮಪ್ಪನ ಗತಿ ನನಗೆ ಬೇಡ.

ಔಷಧಿ ಅಂಗಡಿ ಚಿಂತಾಮಣಿ

ತಮ್ಮಾ, ನಿಮ್ಮಪ್ಪನಿಗೆ ಆದದ್ದು ಓದಿ ಬಹಳ ಸಂಕಟ ಆಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅವರಿಗೆ ಹಾಗೆ ಆದದ್ದು ಇನ್ಹೇಲರ್‌ನಿಂದ ಅಲ್ಲ. ನೀವು ಹೇಳಿದ್ದು ಕೇಳಿದರೆ ಅದು ಸೂಜಿಯಲ್ಲಿ ಡೆಕ್ಸಾ, ಪೊಟ್ಟಣದಲ್ಲಿ ಪ್ರೆಡ್ನಿಸೋಲೋನ್ ಅಥವಾ ಅಂಥದ್ದೇ ಇನ್ನೊಂದು ಇರಬೇಕು. ಇವು ಇಡೀ ಮೈಗೆ ಹೋಗುವ ಸ್ಟೀರಾಯ್ಡ್. ವರ್ಷಗಟ್ಟಲೆ ಹೋದರೆ ಮುಖ ಊತ, ಶುಗರ್, ಮೂಳೆ ಸವೆತ ಎಲ್ಲವೂ ಬರುತ್ತದೆ. ಮುಖ್ಯವಾಗಿ ಏನು ಕೊಡುತ್ತಿದ್ದಾರೆ ಅಂತಲೇ ಅವರಿಗೆ ಯಾರೂ ಹೇಳಲಿಲ್ಲ.

ಲೆಕ್ಕ ನೋಡಿ. ಉಬ್ಬಸ ಜೋರಾದಾಗ ದೊಡ್ಡವರಿಗೆ ಕೊಡುವ ಪ್ರೆಡ್ನಿಸೋಲೋನ್ ದಿನಕ್ಕೆ 40 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಅಂದರೆ 40,000 ಮೈಕ್ರೋಗ್ರಾಂ. ಪಂಪಿನಲ್ಲಿ ಬುಡೆಸೊನೈಡ್‌ನ ಕಡಿಮೆ ಡೋಸ್ ಅಂದರೆ ದಿನಕ್ಕೆ 200ರಿಂದ 400 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಮದ್ದು, ಬುಡೆಸೊನೈಡ್‌ನ ಶಕ್ತಿ ಜಾಸ್ತಿ. ಹಾಗಾಗಿ ಸಂಖ್ಯೆಗೆ ಸಂಖ್ಯೆ ಇಟ್ಟು ಹೋಲಿಸುವ ಹಾಗಿಲ್ಲ. ಆದರೂ ಮೈಗೆ ಸೇರುವುದು ತೀರಾ ಕಡಿಮೆ. ಬಾಯಲ್ಲಿ ಉಳಿದು ಹೊಟ್ಟೆಗೆ ಹೋದ ಬುಡೆಸೊನೈಡ್‌ನಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗವನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ.

ಬೆಕ್ಲೊಮೆಥಸೋನ್ ಅನ್ನುವ ಸ್ಟೀರಾಯ್ಡ್‌ನ ಇನ್ಹೇಲರ್ ಬಂದದ್ದೇ 1972ರಲ್ಲಿ. ಅದಕ್ಕೂ ಮೊದಲು ಜೋರು ಉಬ್ಬಸ ಇದ್ದವರಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆಯೇ ಗತಿಯಾಗಿತ್ತು. ಆ ಮಾತ್ರೆಯಿಂದ ಜನರನ್ನು ಬಿಡಿಸಲಿಕ್ಕೇ ಈ ಪಂಪು ಬಂದದ್ದು. ನಿಮ್ಮಪ್ಪನಿಗೆ ಆಗ ಪಂಪು ಕೊಟ್ಟಿದ್ದರೆ ಆ ಸೂಜಿಗಳ ಅಗತ್ಯವೇ ಬೀಳದೆ ಇರಬಹುದಿತ್ತು.

ಮೀನಿನ ಮದ್ದಿನಿಂದ ಉಬ್ಬಸ ಹೋಗುತ್ತದೆ ಅಂತ ಪರೀಕ್ಷೆಯಲ್ಲಿ ಸಾಬೀತಾಗಿಲ್ಲ. ಹೋಗುವುದು ಬಿಡುವುದು ನಿಮ್ಮಿಷ್ಟ. ಜೂನ್ ತನಕ ಕಾಯುತ್ತಾ ಗೊರಗೊರ ಎದೆ ಇಟ್ಟುಕೊಂಡು ಕೂರಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಹೋದರೂ ಜೇಬಿನಲ್ಲಿ ಪಂಪು ಇರಲಿ.

ಮಾಲೂರು ಹುಡುಗ

ಅಣ್ಣಾ, ಓದಿದೆ. ಪಂಪು ಮತ್ತು ಆ ಸೂಜಿ ಒಂದೇ ಅಂದುಕೊಂಡಿದ್ದೆ. ಆದರೂ ಭಯ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ನಮ್ಮಪ್ಪನನ್ನು ಎತ್ತಿ ಮಲಗಿಸಿದವನು ನಾನು.

ಕೆಜಿಎಫ್ ನಿವೃತ್ತ

ಪಂಪಿನಿಂದ ಏನೂ ಆಗುವುದಿಲ್ಲ ಅಂತಲೂ ಯಾರೂ ಅಂದುಕೊಳ್ಳಬಾರದು. ಅದಕ್ಕೇ ನಾನು ಬರೆಯುತ್ತಿದ್ದೇನೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಹಾಗೇ ಉಳಿದವು. ಗಾಳಿ ತಿಂಗಳಲ್ಲಿ ಆ ಬೂದು ಪುಡಿ ಮನೆಯ ಕಿಟಕಿ ಸಂದಿಯಲ್ಲೆಲ್ಲ ಕೂರುತ್ತದೆ. ನನ್ನ ಉಬ್ಬಸಕ್ಕೆ ಅದೇ ಮೊದಲ ಶತ್ರು. ನಾನು ಜೋರು ಡೋಸಿನಲ್ಲೇ ಬಹಳ ವರ್ಷ ಕಳೆದೆ. ದಿನಕ್ಕೆ 1,000 ಮೈಕ್ರೋಗ್ರಾಂ ಮೇಲೆ. ಮಧ್ಯೆ ಮಧ್ಯೆ ಉಬ್ಬಸ ಕೆರಳಿದಾಗ ಮಾತ್ರೆಗಳೂ ಇದ್ದವು.

ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಕಣ್ಣಿನ ಡಾಕ್ಟರ್ ವಯಸ್ಸೂ ಕಾರಣ, ಮಾತ್ರೆಗಳೂ ಕಾರಣ, ಪಂಪಿನ ಜೋರು ಡೋಸೂ ಸೇರಿರಬಹುದು ಅಂದರು. ಮುಂಗೈ ಚರ್ಮ ಕಾಗದದ ಹಾಗೆ ತೆಳುವಾಗಿದೆ. ಬಾಗಿಲಿಗೆ ತಗುಲಿದರೂ ನೇರಳೆ ಕಲೆ ಏಳುತ್ತದೆ. ಮೂಳೆ ಪರೀಕ್ಷೆ ಮಾಡಿಸಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದ್ದಾರೆ.

ಇಷ್ಟಾದರೂ ನನಗೆ ಪಂಪಿನ ಮೇಲೆ ಕೋಪ ಇಲ್ಲ. ಅದಿಲ್ಲದೆ ಇದ್ದಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ. ಕೋಪ ಇರುವುದು ಡೋಸ್ ಇಳಿಸುವ ಮಾತನ್ನು ಅಷ್ಟು ವರ್ಷ ಯಾರೂ ಎತ್ತಲಿಲ್ಲ ಅನ್ನುವುದರ ಮೇಲೆ. ಪ್ರತಿ ಸಲವೂ ಹಳೆ ಚೀಟಿ ನೋಡಿ ಅದನ್ನೇ ಬರೆದುಕೊಟ್ಟರು. ಈಗಿನ ಡಾಕ್ಟರ್, ಬೆಂಗಳೂರಿನ ಎದೆರೋಗದವರು, ಮೊದಲ ದಿನವೇ ಕೇಳಿದರು: ಕೊನೆಯ ಸಲ ಡೋಸ್ ಕಡಿಮೆ ಮಾಡಿದ್ದು ಯಾವಾಗ ಅಂತ. ಉಬ್ಬಸ ಮೂರು ತಿಂಗಳು ಹಿಡಿತದಲ್ಲಿದ್ದರೆ ಹಂತಹಂತವಾಗಿ ಇಳಿಸಿ ನೋಡಬಹುದಂತೆ. ಹೆಚ್ಚಿನವರಿಗೆ ಲಾಭದ ಬಹುಪಾಲು ಕಡಿಮೆ ಡೋಸಿನಲ್ಲೇ ಸಿಗುತ್ತದಂತೆ. ಹೀಗೆ ಇಳಿಸುತ್ತಾ ಇಳಿಸುತ್ತಾ ಈಗ ಅರ್ಧಕ್ಕೆ ಬಂದಿದ್ದೇನೆ. ಜೋರು ಡೋಸಿನಲ್ಲಿರುವವರು ದಿಢೀರಂತ ನಿಲ್ಲಿಸಬಾರದು ಅಂತಲೂ ಅವರು ಒತ್ತಿ ಹೇಳಿದರು. ಮೈ ತಾನೇ ಮಾಡುವ ಸ್ಟೀರಾಯ್ಡ್ ಕುಗ್ಗಿರುತ್ತದೆ, ಸುಸ್ತು, ವಾಂತಿ, ಬಿ.ಪಿ. ಬೀಳುವುದು ಆಗಬಹುದು.

ಚಿಕ್ಕ ವಯಸ್ಸಿನವರು ಡಾಕ್ಟರ್‌ಗೆ ಈ ಪ್ರಶ್ನೆ ಕೇಳಿ: ನನಗೆ ಸಾಕಾಗುವ ಅತಿ ಕಡಿಮೆ ಡೋಸ್ ಯಾವುದು?

ಗೌರಿಬಿದನೂರು ನೇಕಾರ

ಹಿರಿಯರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದೂ ಒಂದು ಸೇರಿಸುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ.

ನನಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿತ್ತು. ಮಗ್ಗದ ಮನೆಯ ಸೆಖೆ, ಬೆವರು. ಒಂದು ಕಡೆ ತೋರಿಸಿದಾಗ ಇಟ್ರಾಕೊನಜೋಲ್ ಮಾತ್ರೆ ಬರೆದುಕೊಟ್ಟರು. ಬೇಗ ಹೋಗಲಿಲ್ಲ ಅಂತ ತಿಂಗಳುಗಟ್ಟಲೆ ನಡೆಯಿತು. ನಾನು ಉಬ್ಬಸಕ್ಕೆ ಬುಡೆಸೊನೈಡ್ ಪಂಪು ತೆಗೆದುಕೊಳ್ಳುತ್ತಿದ್ದೆ. ಅದನ್ನು ಅವರು ಕೇಳಲಿಲ್ಲ. ನಿಧಾನಕ್ಕೆ ಮುಖ ಗುಂಡಗಾಯಿತು. ಹೊಟ್ಟೆ ಮೇಲೆ ನೇರಳೆ ಗೆರೆ. ಮಗ್ಗದ ಮುಂದಿಂದ ಏಳಲು ತೊಡೆಯಲ್ಲಿ ಶಕ್ತಿ ಇಲ್ಲ. ಬೇರೆ ಡಾಕ್ಟರ್ ನೋಡಿ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ಕಂಡುಹಿಡಿದರು. ಇಟ್ರಾಕೊನಜೋಲ್ ಇರುವಾಗ ಲಿವರ್ ಬುಡೆಸೊನೈಡನ್ನು ಒಡೆಯಲಾರದು. ಸಾಧಾರಣ ಡೋಸೂ ಮೈಯಲ್ಲಿ ಗುಡ್ಡೆ ಬೀಳುತ್ತದೆ.

ಔಷಧಿ ಅಂಗಡಿ ಚಿಂತಾಮಣಿ

ಇದನ್ನು ಬರೆದದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಬುಡೆಸೊನೈಡ್, ಪಂಪಿನಲ್ಲಿ ಬರುವ ಇನ್ನೊಂದು ಸ್ಟೀರಾಯ್ಡ್ ಫ್ಲುಟಿಕಾಸೋನ್ ಎರಡಕ್ಕೂ ಇದು ಅನ್ವಯ. ಇಟ್ರಾಕೊನಜೋಲ್, ಕೆಟೊಕೊನಜೋಲ್ ಮಾತ್ರೆ, ಎಚ್‌ಐವಿಗೆ ಕೊಡುವ ರಿಟೊನಾವಿರ್ ಇವೆಲ್ಲ ಹೀಗೆ ಮಾಡುತ್ತವೆ. ಈಗ ಹುಳುಕಡ್ಡಿ ಎಲ್ಲೆಲ್ಲೂ ಇದೆ, ಇಟ್ರಾಕೊನಜೋಲ್ ಮಾತ್ರೆಯೂ ಅಷ್ಟೇ ಓಡುತ್ತಿದೆ. ಚರ್ಮದವರಿಗೆ, ಹಲ್ಲಿನವರಿಗೆ, ಯಾರಿಗೇ ತೋರಿಸಿದರೂ ಪಂಪಿನ ಹೆಸರು ಹೇಳಿ. ಜನ ಮಾತ್ರೆಯನ್ನು ಮಾತ್ರ ಮದ್ದು ಅಂದುಕೊಳ್ಳುತ್ತಾರೆ, ಪಂಪನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಬಾಗೇಪಲ್ಲಿ ಸೊಸೆ

ನಾನು ಐದು ತಿಂಗಳ ಗರ್ಭಿಣಿ. ಪಂಪು ನಿಲ್ಲಿಸು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ?

ಮಕ್ಕಳ ವಾರ್ಡ್ ನರ್ಸ್ ತುಮಕೂರು

ನಿಲ್ಲಿಸಬೇಡ ತಂಗಿ. ಗರ್ಭಿಣಿಯರಲ್ಲಿ ಹೆಚ್ಚು ಬಳಸಿ ನೋಡಿರುವ ಸ್ಟೀರಾಯ್ಡ್ ಇನ್ಹೇಲರ್ ಅಂದರೆ ಬುಡೆಸೊನೈಡೇ. ನಿನಗೆ ಉಸಿರು ಸಾಲದಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಸಾಲದು. ಹೆರಿಗೆ ಡಾಕ್ಟರ್‌ಗೆ, ಉಬ್ಬಸದ ಡಾಕ್ಟರ್‌ಗೆ ಇಬ್ಬರಿಗೂ ಗೊತ್ತಿರಲಿ. ತಾಯಿ ಕಾರ್ಡಿನಲ್ಲಿ ಬರೆಸಿಕೋ. ಅತ್ತೆಯವರನ್ನು ಒಂದು ಸಲ ಜೊತೆಗೆ ಕರೆದುಕೊಂಡು ಹೋಗು, ಡಾಕ್ಟರ್ ಬಾಯಿಂದಲೇ ಕೇಳಿದರೆ ಅವರಿಗೂ ಧೈರ್ಯ ಬರುತ್ತದೆ.

ಟೀಚರ್ ಶಿಡ್ಲಘಟ್ಟ

ಎಲ್ಲವನ್ನೂ ಓದುತ್ತಿದ್ದೇನೆ. ನಮ್ಮ ಸುತ್ತಮುತ್ತ ಇಷ್ಟು ಜನ ಇದೇ ಪಾಡು ಪಡುತ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಮಾಲೂರಿನ ತಮ್ಮ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ಭಾರವಾಯಿತು.

ಒಂದು ಪ್ರಶ್ನೆ. ಈಗ ಚಳಿ ಕಮ್ಮಿಯಾಗಿದೆ. ದಿನಾ ತೆಗೆದುಕೊಳ್ಳುವ ಬದಲು ಎದೆ ಹಿಡಿದಾಗ ಮಾತ್ರ ಈ ಪಂಪು ತೆಗೆದುಕೊಂಡರೆ ಧ್ವನಿ ಉಳಿಯುತ್ತದಾ? ಇಲ್ಲಾ ಹಳೆ ನೀಲಿ ಪಂಪಿಗೇ ವಾಪಸ್ ಹೋಗಬಹುದಾ?

ಔಷಧಿ ಅಂಗಡಿ ಚಿಂತಾಮಣಿ

ನೀಲಿ ಪಂಪು ಒಂದನ್ನೇ ನಂಬುವುದು ಖಂಡಿತ ಬೇಡ ಮೇಡಂ. ಅದು ಶ್ವಾಸನಾಳವನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ. ಒಳಗಿನ ಊತ, ಕೆರಳಿಕೆ ಹಾಗೇ ಇರುತ್ತದೆ. ಉಬ್ಬಸದ ಚಿಕಿತ್ಸೆಗೆ ಜಗತ್ತಿನ ಡಾಕ್ಟರ್‌ಗಳು ನೋಡುವ ಜಿನಾ ಮಾರ್ಗಸೂಚಿ 2019ರಲ್ಲೇ ದೊಡ್ಡವರಿಗೆ, ಹದಿಹರೆಯದವರಿಗೆ ನೀಲಿ ಪಂಪು ಒಂದರಿಂದಲೇ ಚಿಕಿತ್ಸೆ ಬೇಡ ಅಂದಿತು. ವರ್ಷಕ್ಕೆ 200 ಪಫ್‌ನ ನೀಲಿ ಪಂಪು ಮೂರೋ ಅದಕ್ಕಿಂತ ಜಾಸ್ತಿಯೋ ಖಾಲಿಯಾಗುತ್ತಿದ್ದರೆ ಉಬ್ಬಸ ಕೆರಳುವ ಅಪಾಯ ಹೆಚ್ಚು. ತಿಂಗಳಿಗೊಂದು ಖಾಲಿ ಮಾಡುವವರಲ್ಲಿ ಸಾವಿನ ಅಪಾಯವೇ ಹೆಚ್ಚು. ನನ್ನ ಅಂಗಡಿಗೆ ಚೀಟಿ ಇಲ್ಲದೆ ‘ಅದೇ ನೀಲಿದು ಕೊಡಿ’ ಅಂತ ಬರುವವರನ್ನು ನಾನು ನಿಲ್ಲಿಸಿ ಮಾತಾಡಿಸುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೂ ಮಾತಾಡಿಸುತ್ತೇನೆ.

ಎದೆ ಹಿಡಿದಾಗ ಮಾತ್ರ ತೆಗೆದುಕೊಳ್ಳುವ ಪದ್ಧತಿ ನಿಜವಾಗಿಯೂ ಇದೆ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಮಾಡುವುದರಿಂದ ನಿಮ್ಮ ಪಂಪಿನಲ್ಲಿ ಅದು ಸಾಧ್ಯ. ನಿಧಾನಕ್ಕೆ ಕೆಲಸ ಶುರು ಮಾಡುವ ಸಾಲ್ಮೆಟೆರಾಲ್ ಇರುವ ಪಂಪಿನಲ್ಲಿ ಹಾಗೆ ಮಾಡಬಾರದು. ಆದರೆ ಆ ಪದ್ಧತಿ ಹಗುರ ಉಬ್ಬಸದವರಿಗೆ. ನೀವು ರಾತ್ರಿ ಎದ್ದು ಕೂರುತ್ತಿದ್ದವರು. ನಿಮ್ಮಷ್ಟಕ್ಕೆ ನೀವೇ ಬದಲಾಯಿಸಬೇಡಿ, ಡಾಕ್ಟರ್ ಹತ್ತಿರ ಈ ಮಾತು ತೆಗೆಯಿರಿ. ಸಿಕ್ಲೆಸೊನೈಡ್ ಅಂತ ಇನ್ನೊಂದು ಸ್ಟೀರಾಯ್ಡ್ ಇದೆ. ಅದು ಶ್ವಾಸಕೋಶಕ್ಕೆ ಹೋದ ಮೇಲೆ ಚುರುಕಾಗುತ್ತದೆ, ಗಂಟಲಿನ ತೊಂದರೆ ಕಡಿಮೆ. ಅದರ ಬಗ್ಗೆಯೂ ಕೇಳಿ. ಗೊಗ್ಗರು ಮೂರು ನಾಲ್ಕು ವಾರ ದಾಟಿದ್ದರೆ ಕಿವಿ ಮೂಗು ಗಂಟಲಿನವರಿಗೆ ಒಂದು ಸಲ ತೋರಿಸಿ. ಎಲ್ಲಾ ಗೊಗ್ಗರೂ ಪಂಪಿನದೇ ಆಗಿರಬೇಕು ಅಂತೇನಿಲ್ಲ.

ಹುಳುಮನೆ ಜಂಗಮಕೋಟೆ

ಖರ್ಚಿನ ಬಗ್ಗೆ ಒಂದು ಮಾತು. ಬುಡೆಸೊನೈಡ್ ಇನ್ಹೇಲರ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಗೂಡಿನ ರೇಟು ಬಿದ್ದ ತಿಂಗಳು ನಮ್ಮ ಕಡೆ ಜನ ಮೊದಲು ನಿಲ್ಲಿಸುವುದು ಪಂಪನ್ನೇ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಟೀಚರ್ ಶಿಡ್ಲಘಟ್ಟ

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಗಂಟಲಿನ ಡಾಕ್ಟರ್ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ಫಂಗಸ್ ಇಲ್ಲ, ಗಂಟು ಇಲ್ಲ. ಧ್ವನಿತಂತು ಸ್ವಲ್ಪ ಕೆಂಪಾಗಿದೆ, ಮುಚ್ಚುವಾಗ ಮಧ್ಯೆ ಸಂದು ಉಳಿಯುತ್ತಿದೆ ಅಂದರು. ಪಂಪಿನದು ಒಂದು ಕಾರಣ. ದಿನವಿಡೀ ಜೋರಾಗಿ ಪಾಠ ಮಾಡುವುದು, ಚಾಕ್‌ಪೀಸ್ ಧೂಳು ಕೂಡ ಸೇರಿದೆ. ಎದೆಯ ಡಾಕ್ಟರ್ ಸ್ಪೇಸರ್ ಕೊಟ್ಟರು, ನಾನು ಎಳೆಯುವ ರೀತಿಯನ್ನೂ ಕೂತು ನೋಡಿದರು. ಡೋಸ್ ಸದ್ಯಕ್ಕೆ ಅಷ್ಟೇ ಇರಲಿ, ಮುಂದಿನ ಭೇಟಿಯಲ್ಲಿ ಇಳಿಸುವುದು ನೋಡೋಣ, ಧ್ವನಿ ಸುಧಾರಿಸದಿದ್ದರೆ ಸಿಕ್ಲೆಸೊನೈಡ್ ಯೋಚಿಸೋಣ ಅಂದರು.

ಧ್ವನಿ ಪೂರ್ತಿ ಬಂದಿಲ್ಲ. ಆದರೆ ಊಟದ ನಂತರದ ಒಂದು ಪೀರಿಯಡ್ ತನಕ ಈಗ ತಡೆಯುತ್ತದೆ. ಹೆಡ್‌ಮಾಸ್ಟರ್ ನನ್ನ ಕ್ಲಾಸುಗಳನ್ನು ಬೆಳಿಗ್ಗೆಗೇ ಹಾಕಿಕೊಟ್ಟಿದ್ದಾರೆ. ಅತ್ತೆಗೆ ಈ ಚರ್ಚೆಯನ್ನು ಓದಿ ಹೇಳಿದೆ. ಕೆಜಿಎಫ್‌ನ ಹಿರಿಯರು ಬರೆದದ್ದನ್ನು ಎರಡು ಸಲ ಓದಿಸಿಕೊಂಡರು.

ಮಾಲೂರು ಹುಡುಗ

ಟೀಚರ್ ಮೇಡಂ, ಒಳ್ಳೆಯ ಸುದ್ದಿ. ನಾನೂ ಪಂಪು ಶುರು ಮಾಡಿದ್ದೇನೆ. ಕಡಿಮೆ ಡೋಸ್. ನನ್ನ ಸ್ಪೇಸರ್ ಒಳಗೆ ಬೆಳ್ಳಗೆ ಪುಡಿ ಕೂತಿದೆ. ಬಟ್ಟೆ ತೆಗೆದುಕೊಂಡು ಒರೆಸಬಹುದಾ?

ಔಷಧಿ ಅಂಗಡಿ ಚಿಂತಾಮಣಿ

ಒರೆಸಬೇಡ ತಮ್ಮಾ. ಪ್ಲಾಸ್ಟಿಕ್ ಉಜ್ಜಿದರೆ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ, ಮದ್ದು ನಿನ್ನ ಎದೆಗೆ ಹೋಗುವ ಬದಲು ಗೋಡೆಗೇ ಅಂಟುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅದರಲ್ಲಿ ಅಲ್ಲಾಡಿಸಿ ತೊಳೆ. ಹಾಗೇ ನೆರಳಲ್ಲಿ ನಿಲ್ಲಿಸಿ ಒಣಗಲು ಬಿಡು. ತಿಂಗಳಿಗೊಮ್ಮೆ ಸಾಕು. ಮೊದಲ ಸಲ ತೊಳೆದು ಬಳಸಿದೆಯಾ, ಹೊಸದನ್ನು ಹಾಗೇ ಶುರು ಮಾಡಿದೆಯಾ?

ಮಾಲೂರು ಹುಡುಗ

ಹಾಗೇ ಶುರು ಮಾಡಿದೆ. ಇವತ್ತು ರಾತ್ರಿ ಎಳೆದುಕೊಂಡ ಮೇಲೆ ತೊಳೆದು ಇಡುತ್ತೇನೆ ಅಣ್ಣ, ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತದೆ ಅಲ್ವಾ?

ಔಷಧಿ ಅಂಗಡಿ ಚಿಂತಾಮಣಿ

ಒಣಗಿರುತ್ತದೆ.